ಮೇಷ್ಟ್ರು, ಮಾಲೀಕರು, ನಿರ್ದೇಶಕರು

ಕಂಪನಿ ನಾಟಕಗಳ ಕಾಲದ ಹ್ಯಾಂಡ್‌ಬಿಲ್ಲುಗಳಿಗೆ ಒಂದು ಗೊತ್ತಾದ ಧಾಟಿ ಇತ್ತು. ನೆತ್ತಿಯ ಮೇಲೆ ದೇವರ ಹೆಸರು, ಕೆಳಗೆ ಕಂಪನಿಯದು, ಆಮೇಲೆ ಮಾಲೀಕರದು, ನಡುವೆ ದಪ್ಪ ಅಕ್ಷರದಲ್ಲಿ ನಾಟಕದ ಹೆಸರು. ಮುಖ್ಯ ಪಾರ್ಟು ಯಾರದು, ಬೆರಗುಗೊಳಿಸುವ ಸೀನುಗಳು ಯಾವುವು, ಕುರ್ಚಿಗೆಷ್ಟು, ಬೆಂಚಿಗೆಷ್ಟು, ನೆಲಕ್ಕೆಷ್ಟು ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ನಿರ್ದೇಶಕರ ಹೆಸರು ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಹಾಗೆಂದು ಆ ನಾಟಕಗಳು ತಮ್ಮಷ್ಟಕ್ಕೆ ತಾವೇ ನಡೆಯುತ್ತಿರಲಿಲ್ಲ. ಮೂರನೇ ಗಂಟೆ ಬಾರಿಸಿದರೆ ಪರದೆ ಏಳುತ್ತಿತ್ತು, ಮೇಲಿನಿಂದ ನಾರದ ಹೊತ್ತಿಗೆ ಸರಿಯಾಗಿ ಇಳಿಯುತ್ತಿದ್ದ, ಹೊಸ ಹುಡುಗ ಮಾತು ಮರೆತರೆ ವಿಂಗಿನ ಮರೆಯಿಂದ ಯಾರೋ ಎತ್ತಿಕೊಡುತ್ತಿದ್ದರು. ಯಾರದೋ ಕಣ್ಣು ಇದೆಲ್ಲದರ ಮೇಲೆ ಇತ್ತು.

ಇವತ್ತು ಲೆಕ್ಕ ತಿರುಗಿದೆ. ‘ಸತ್ತವರ ನೆರಳು’ ಬರೆದವರು ಧಾರವಾಡದ ಜಡಭರತರು; ಆದರೆ ರಂಗಾಸಕ್ತರ ಬಾಯಲ್ಲಿ ಅದು ನಿರ್ದೇಶಕ ಬಿ. ವಿ. ಕಾರಂತರ ‘ಸತ್ತವರ ನೆರಳು’. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಗೂ ಇದೇ ಗತಿ, ಅಥವಾ ಇದೇ ಭಾಗ್ಯ. ಹೆಸರೇ ಇಲ್ಲದೆ ದುಡಿದವನು ನಾಟಕಕಾರನನ್ನೂ ಹಿಂದಿಕ್ಕಿ ಮುಂದೆ ಬಂದು ನಿಂತದ್ದು ಈ ಅರ್ಧ ಶತಮಾನದ ಆಸುಪಾಸಿನಲ್ಲಿ. ಹುದ್ದೆ ಹೊಸದು, ಕೆಲಸ ಮಾತ್ರ ಬಹಳ ಹಳೆಯದು. ಕನ್ನಡದಲ್ಲಿ ಆ ಕೆಲಸವನ್ನು ಭಾಗವತರು, ಮಾಲೀಕರು, ಹಾರ್ಮೋನಿಯಂ ಮೇಷ್ಟ್ರು, ಪ್ರಾಂಪ್ಟರ್ ಹೀಗೆ ಹಲವರು ಹಂಚಿಕೊಂಡು ಮಾಡುತ್ತಿದ್ದರು. ಹಂಚಿಹೋದದ್ದು ಒಬ್ಬರ ಕೈಗೆ ಬಂದ ಬಗೆ ಸ್ವಾರಸ್ಯದ್ದು.

ಕರಾವಳಿಯಲ್ಲಿ ಆಟ ನಡೆಸುವವರು ಯಾರೆಂದು ಯಾರೂ ಕೇಳುವುದಿಲ್ಲ. ಯಕ್ಷಗಾನದಲ್ಲಿ ಭಾಗವತರೇ ಮೊದಲನೆಯ ವೇಷ ಎಂಬ ಮಾತು ಅಲ್ಲಿ ರೂಢಿಯಲ್ಲಿದೆ. ಬಣ್ಣ ಹಚ್ಚದ, ಗೆಜ್ಜೆ ಕಟ್ಟದ ಈ ಮೊದಲನೆಯ ವೇಷ ರಂಗಸ್ಥಳದ ಹಿಂಬದಿಯಲ್ಲಿ ಕೂತು, ತಾಳವನ್ನೋ ಜಾಗಟೆಯನ್ನೋ ಹಿಡಿದು, ರಾತ್ರಿಯಿಡೀ ಆಟ ನಡೆಸುತ್ತದೆ. ಪ್ರಸಂಗದ ಪುಸ್ತಕದಲ್ಲಿ ಇರುವುದು ಹೆಚ್ಚಾಗಿ ಪದ್ಯಗಳು. ಮಾತು ವೇಷಧಾರಿಯದು, ಆ ಹೊತ್ತಿಗೆ ಹುಟ್ಟುವುದು. ಒಬ್ಬ ಒಳ್ಳೆಯ ಅರ್ಥಧಾರಿ ಒಂದು ಪದ್ಯಕ್ಕೆ ಎರಡು ನಿಮಿಷ ಮಾತಾಡಬಲ್ಲ, ಇಪ್ಪತ್ತು ನಿಮಿಷವೂ ಮಾತಾಡಬಲ್ಲ. ಅದನ್ನು ಅಳೆಯುವವರು ಭಾಗವತರು. ಮಾತು ಲಂಬಿಸಿತು ಅನ್ನಿಸಿದರೆ ಅವರು ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ; ಪದ್ಯ ಎತ್ತಿದ ಮೇಲೆ ಎಷ್ಟು ದೊಡ್ಡ ಹೆಸರಿನ ಕಲಾವಿದನಾದರೂ ಮಾತು ನಿಲ್ಲಿಸಿ ಹೆಜ್ಜೆ ಹಾಕಲೇಬೇಕು. ಆವೇಶ ಏರಬೇಕಾದಲ್ಲಿ ತಾಳದ ಕಾಲ ಏರುತ್ತದೆ, ಮದ್ದಳೆಯವರಿಗೂ ಚೆಂಡೆಯವರಿಗೂ ಒಂದು ಕಣ್ಸನ್ನೆ ಸಾಕು. ಯಾರಿಗೆ ದಣಿವಾಗಿದೆ, ಯಾವ ಪದ್ಯ ಬಿಟ್ಟರೆ ಕತೆಗೆ ಊನವಿಲ್ಲ, ಬೆಳಕು ಹರಿಯುವ ಮುಂಚೆ ಮಂಗಳ ಹಾಡಲು ಇನ್ನೆಷ್ಟು ಹೊತ್ತಿದೆ ಎಂಬ ಲೆಕ್ಕವೆಲ್ಲ ಹಾಡುತ್ತಿರುವಾಗಲೇ ನಡೆಯಬೇಕು.

ತಾಲೀಮು ಅನ್ನುವುದು ಇಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಚೌಕಿಯಲ್ಲಿ ಬಣ್ಣ ಹಚ್ಚುವಾಗ ನಾಲ್ಕು ಮಾತು ಆಡಿಕೊಂಡರೆ ಅದೇ ತಯಾರಿ. ಬಯಲುಸೀಮೆಯ ಮೂಡಲಪಾಯ, ದೊಡ್ಡಾಟಗಳ ಭಾಗವತರದು ಬೇರೆ ಪಾಡು. ಅಲ್ಲಿನ ವೇಷಧಾರಿಗಳು ರೈತಾಪಿ ಜನ, ವೃತ್ತಿಕಲಾವಿದರಲ್ಲ. ಸುಗ್ಗಿ ಮುಗಿದ ಮೇಲೆ ರಾತ್ರಿ ರಾತ್ರಿ ಕೂಡಿಸಿ, ಓದು ಬಾರದವರಿಗೆ ಬಾಯಿಪಾಠ ಮಾಡಿಸಿ, ಹೆಜ್ಜೆ ಕಲಿಸಿ ಆಟಕ್ಕೆ ಇಳಿಸುವ ಹೊಣೆ ಭಾಗವತರದೇ.

ಇನ್ನೂ ಹಿಂದಕ್ಕೆ ಹೋಗುವವರಿಗೆ ನಾಟ್ಯಶಾಸ್ತ್ರದ ಸೂತ್ರಧಾರ ಸಿಗುತ್ತಾನೆ. ಅವನಿಗೆ ಗೀತ, ವಾದ್ಯ, ತಾಳ ಗೊತ್ತಿರಬೇಕು ಎಂಬಲ್ಲಿಗೆ ಭರತನ ಪಟ್ಟಿ ನಿಲ್ಲುವುದಿಲ್ಲ. ಗ್ರಹ ನಕ್ಷತ್ರಗಳ ಚಲನೆ, ದೇಶಗಳು, ಪರ್ವತಗಳು, ರಾಜವಂಶಗಳ ವಿಚಾರವೂ ತಿಳಿದಿರಬೇಕು. ಉತ್ಪ್ರೇಕ್ಷೆ ಅನ್ನಿಸಬಹುದು. ಆದರೆ ಒಂದೇ ವಾರದಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣದ ನಾಟಕಕ್ಕೂ ಗ್ರೀಕ್ ದೊರೆಯ ನಾಟಕಕ್ಕೂ ಉಡುಪು ಹೊಂದಿಸಬೇಕಾದ ನಿರ್ದೇಶಕರಿಗೆ ಭರತ ಹೇಳಿದ್ದು ಕಡಿಮೆಯೆಂದೇ ಕಂಡೀತು.

ಕರ್ನಾಟಕದ ಭಾಗವತರ ಕಸುಬು ಮರಾಠಿ ರಂಗಭೂಮಿಯ ಹುಟ್ಟಿಗೂ ಕಾರಣವಾಯಿತು. 1842ರ ಸುಮಾರಿಗೆ ಉತ್ತರ ಕನ್ನಡದ ಕಡೆಯ ಮೇಳವೊಂದು ಸಾಂಗ್ಲಿಗೆ ಹೋಗಿ ಅಲ್ಲಿನ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರ ಎದುರು ಆಟ ಆಡಿತು. ಅಂಥದ್ದೇ ಒಂದನ್ನು ಮರಾಠಿಯಲ್ಲಿ, ಇನ್ನಷ್ಟು ಒಪ್ಪವಾಗಿ ಮಾಡು ಎಂದು ಅರಸರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಅದರಲ್ಲಿ ಸೂತ್ರಧಾರ ಪದ್ಯಗಳನ್ನು ಹಾಡುವುದು, ಪಾತ್ರಧಾರಿಗಳು ಆಶುವಾಗಿ ಮಾತಾಡುವುದು. ಅಂದರೆ ಭಾಗವತರ ಕೆಲಸವೇ, ಬೇರೆ ಭಾಷೆಯಲ್ಲಿ. ಮೂರು ದಶಕ ಕಳೆಯುವಷ್ಟರಲ್ಲಿ ಮರಾಠಿ ಮಂಡಳಿಗಳು ಧಾರವಾಡ, ಹುಬ್ಬಳ್ಳಿ, ಗದಗಿನಲ್ಲಿ ಕನ್ನಡಿಗರ ಹಣ ಬಾಚಿಕೊಳ್ಳುತ್ತಿದ್ದವು. ಅದಕ್ಕೆ ಎದುರುನಿಂತು ಗದಗಿನಲ್ಲಿ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಕನ್ನಡ ನಾಟಕ ಬರೆದು ಆಡಿಸಿದರು. ಮೈಸೂರಿನಲ್ಲಿ ಅರಮನೆಯೇ ಶ್ರೀ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆಯನ್ನು ಕಟ್ಟಿತು. ಬಸವಪ್ಪ ಶಾಸ್ತ್ರಿಗಳ ‘ಶಾಕುಂತಲ’ ಅದರ ಕಾಲದ್ದು.

ಕಂಪನಿಗಳು ಬಂದ ಮೇಲೆ ಭಾಗವತರು ರಂಗದ ಮೇಲಿನಿಂದ ಇಳಿದರು. ಅವರ ತಾಳ, ಶ್ರುತಿ, ರಾಗಗಳ ಹೊಣೆ ಹಾರ್ಮೋನಿಯಂ ಮೇಷ್ಟ್ರಿಗೆ ಹೋಯಿತು. ಮಾತಿನ ಹೊಣೆ ಕಂಪನಿಯ ಕವಿಗೆ, ಮರೆತ ಮಾತಿನ ಹೊಣೆ ಪ್ರಾಂಪ್ಟರ್‌ಗೆ. ಉಳಿದದ್ದೆಲ್ಲ ಮಾಲೀಕರ ತಲೆಯ ಮೇಲೆ.

ಈ ಉಳಿದದ್ದು ಸಣ್ಣದೇನಲ್ಲ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಎಂಬ ಹೆಸರಿನಲ್ಲಿ. ಅಲ್ಲಿಗೆ ಹುಡುಗನಾಗಿ ಸೇರಿದ ವೀರಣ್ಣ 1917ರಲ್ಲಿ ಅದರ ಒಡೆಯರಾದರು. ‘ಸದಾರಮೆ’ಯ ಕಳ್ಳನಾಗಿ ಜನರನ್ನು ನಗಿಸುತ್ತಿದ್ದ ಮನುಷ್ಯನೇ ಪರದೆ ಬಿದ್ದ ಮೇಲೆ ಅಷ್ಟೂ ಜನರ ಊಟ, ಸಂಬಳ, ಮುಂದಿನ ಕ್ಯಾಂಪಿನ ಜಾಗ, ಥಿಯೇಟರಿನ ತಗಡು, ರೈಲಿನ ವ್ಯಾಗನ್ನುಗಳ ಚಿಂತೆ ಮಾಡಬೇಕು. ಯಾವ ಊರಿಗೆ ಯಾವ ನಾಟಕ, ಎಷ್ಟು ದಿನ, ಯಾವಾಗ ಬದಲಿಸಬೇಕು ಎಂಬ ತೀರ್ಮಾನ ಅವರದೇ. ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನೇ ತಂದ ಅವರ ‘ಕುರುಕ್ಷೇತ್ರ’ದ ಮಾತು ನಾಟಕ ನೋಡಿದವರ ಮೊಮ್ಮಕ್ಕಳ ತನಕ ಹರಿದು ಬಂದಿದೆ. ಆನೆಯನ್ನು ರಂಗಕ್ಕೆ ಹತ್ತಿಸುವುದು ದೊಡ್ಡದಲ್ಲ. ಹಾರ್ಮೋನಿಯಂ, ದೀಪ, ಚಪ್ಪಾಳೆಗಳ ನಡುವೆ ಅದನ್ನು ಸುಮ್ಮನೆ ನಿಲ್ಲಿಸಿಕೊಂಡು, ಕೃಷ್ಣನ ಹಾಡು ಮುಗಿಯುವ ತನಕ ಕಾದು, ವಾಪಸು ಇಳಿಸುವುದು ದೊಡ್ಡದು. ಅದನ್ನು ಯೋಜಿಸಿ ನಡೆಸಿದವರನ್ನು ನಿರ್ದೇಶಕರೆನ್ನದೆ ಇನ್ನೇನೆನ್ನಬೇಕು?

ಕಂಪನಿ ನಾಟಕದ ಕಟ್ಟಣೆಯಲ್ಲೇ ನಿರ್ದೇಶನ ಅಡಗಿತ್ತು. ರಂಗದ ಆಳದಲ್ಲಿ ದರ್ಬಾರಿನ ಸೀನು ನಡೆದ ಮೇಲೆ ಮುಂದುಗಡೆ ರಸ್ತೆಯ ಪರದೆಯೊಂದು ಇಳಿಯುತ್ತದೆ. ಅದರ ಮುಂದೆ ಮೂರಡಿ ಜಾಗದಲ್ಲಿ ಹಾಸ್ಯದವರಿಬ್ಬರು ಬಂದು ಜಗಳ ಕಾಯುತ್ತಾರೆ, ಹಾಡುತ್ತಾರೆ. ಜನ ನಗುತ್ತಿರುವಾಗ ಪರದೆಯ ಹಿಂದೆ ಬರಿಗಾಲಿನ ಆಳುಗಳು ಸದ್ದಿಲ್ಲದೆ ಸಿಂಹಾಸನ ಎತ್ತಿ, ಕಾಡು ತಂದು ನಿಲ್ಲಿಸುತ್ತಾರೆ. ಕಾಡು ಸಿದ್ಧವಾಗದಿದ್ದರೆ ಒಳಗಿನಿಂದ ಸನ್ನೆ ಬರುತ್ತದೆ, ಹಾಸ್ಯದವರು ಇನ್ನೊಂದು ಹಾಡು ಎಳೆಯುತ್ತಾರೆ. ಕಂಪನಿಯ ಕವಿ ಬರೆಯಲು ಕೂತಾಗಲೇ ಯಾವ ಸೀನು ಆಳದ್ದು, ಯಾವುದು ಮುಂದಿನ ಪರದೆಯದು ಎಂದು ಲೆಕ್ಕ ಹಾಕಿರುತ್ತಿದ್ದ. ಓದುವಾಗ ಅನಗತ್ಯವೆನಿಸುವ ಹಾಸ್ಯ ಪ್ರಸಂಗ ಆಡುವಾಗ ಏಕೆ ಬೇಕಾಗಿತ್ತು ಎಂಬುದು ವಿಮರ್ಶಕರಿಗಿಂತ ಸೀನು ಎಳೆಯುವವನಿಗೆ ಚೆನ್ನಾಗಿ ಗೊತ್ತಿತ್ತು.

ಮಾಲೀಕರೆಲ್ಲ ಒಂದೇ ಬಗೆಯವರಲ್ಲ. ರತ್ನಾವಳಿ ಕಂಪನಿಯ ಎ. ವಿ. ವರದಾಚಾರ್ಯರು ಗಾಯನದ, ಗಂಭೀರ ಅಭಿನಯದ ದೊಡ್ಡ ಹೆಸರು. ಅವರ ಹಿರಣ್ಯಕಶಿಪು ಆ ಕಾಲಕ್ಕೆ ಮಾದರಿ. ಗದಗಿನ ಗರುಡ ಸದಾಶಿವರಾಯರು ತಾವೇ ಬರೆದು, ತಾವೇ ಆಡಿ, ದತ್ತಾತ್ರೇಯ ನಾಟಕ ಮಂಡಳಿಯನ್ನು ನಡೆಸಿದವರು. ‘ಪಾದುಕಾ ಪಟ್ಟಾಭಿಷೇಕ’, ‘ಎಚ್ಚಮ ನಾಯಕ’ ಅವರಿಂದ ಬಂದವು. ಚಂದ್ರಕಲಾ ಮಂಡಳಿಯ ಮಹಮದ್ ಪೀರ್ ‘ಷಹಜಹಾನ್’ನಂಥ ಐತಿಹಾಸಿಕದ ಜತೆಗೆ ಎಚ್. ಎಲ್. ಎನ್. ಸಿಂಹರ ಸಾಮಾಜಿಕ ನಾಟಕ ‘ಸಂಸಾರ ನೌಕೆ’ಯನ್ನು ಆಡಿದರು. ಬಚ್ಚಾಸಾನಿಯವರಂಥ ಮಾಲೀಕಿ ಲಕ್ಷ್ಮೇಶ್ವರದಲ್ಲಿ ಹೆಂಗಸರದೇ ಕಂಪನಿ ಕಟ್ಟಿದ್ದರು. ಅದೇ ಹಾದಿಯಲ್ಲಿ ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಆರಂಭಿಸಿದರು. ಭೀಮನೂ ಹೆಂಗಸೇ, ಕಂಸನೂ ಹೆಂಗಸೇ. ಅವರಿಗೆಲ್ಲ ಗದೆ ಹಿಡಿಯುವುದನ್ನು ಕಲಿಸಿದವರೂ ಹೆಂಗಸೇ. ನಿರ್ದೇಶಕಿಯರ ಚರಿತ್ರೆಯನ್ನು 1970ರ ದಶಕದಿಂದ ಶುರುಮಾಡುವವರು ಈ ಇಬ್ಬರನ್ನು ಮರೆಯುವುದು ಅನ್ಯಾಯ.

ಆದರೂ ಈ ಪದ್ಧತಿಯಲ್ಲಿ ಒಂದು ತೂತು ಇತ್ತು. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದರೆ ಹಾಡು ಮತ್ತೆ ಶುರುವಾಗಲೇಬೇಕು. ಸತ್ತು ಬಿದ್ದ ಪಾತ್ರ ಎದ್ದು ಹಾಡಿ ಮತ್ತೆ ಸತ್ತ ಕತೆಗಳು ಕಂಪನಿ ಕಾಲದ ನೆನಪುಗಳಲ್ಲಿ ಹೇರಳ. ಅದನ್ನು ತಡೆಯಬೇಕಾದ ಮಾಲೀಕರೇ ಎಷ್ಟೋ ಸಲ ಹಾಡುತ್ತಿರುವ ನಟರು, ಗಲ್ಲಾಪೆಟ್ಟಿಗೆಯೂ ಅವರದೇ. ನಟನ ಪರವಾಗಿ ಮಾತಾಡುವವರಿದ್ದರು, ಪ್ರೇಕ್ಷಕರ ಪರವಾಗಿಯೂ ಇದ್ದರು. ನಾಟಕದ ಪರವಾಗಿ ಹೊರಗೆ ನಿಂತು ಬೇಡ ಎನ್ನುವವರು ಇರಲಿಲ್ಲ.

ಆ ಬೇಡ ಎನ್ನುವ ಮನುಷ್ಯ ಯುರೋಪಿನಲ್ಲಿ ತಲೆಯೆತ್ತಿದ್ದೂ ತೀರ ಹಿಂದಲ್ಲ. ಜರ್ಮನಿಯ ಸಣ್ಣ ಸಂಸ್ಥಾನವೊಂದರ ದೊರೆ, ಸಾಕ್ಸ್ ಮೈನಿಂಗನ್‌ನ ಎರಡನೆಯ ಜಾರ್ಜ್, ತನ್ನ ಆಸ್ಥಾನದ ನಾಟಕ ತಂಡವನ್ನು 1874ರಲ್ಲಿ ಬರ್ಲಿನ್ನಿಗೆ ಕರೆತಂದಾಗ ಜನ ಬೆರಗಾದರು. ಗುಂಪಿನ ದೃಶ್ಯದಲ್ಲಿ ನಿಂತ ಒಬ್ಬೊಬ್ಬ ಸಿಪಾಯಿಗೂ ಒಂದೊಂದು ಕೆಲಸವಿತ್ತು. ಉಡುಪು, ಪರದೆಗಳ ಚಿತ್ರವನ್ನು ದೊರೆಯೇ ಬರೆದಿದ್ದ. ಆ ತಂಡವನ್ನು ಮಾಸ್ಕೋದಲ್ಲಿ ನೋಡಿ ಮನಸೋತವರಲ್ಲಿ ಸ್ತಾನಿಸ್ಲಾವ್ಸ್ಕಿ ಒಬ್ಬರು. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರಿಗಾಗಿ ಚೆಕಾಫರ ‘ಸೀಗಲ್’ ಕೈಗೆತ್ತಿಕೊಂಡಾಗ ಅವರು ಮೊದಲು ಊರ ಹೊರಗೆ ಹೋಗಿ ಕೂತು, ಯಾವ ಮಾತಿಗೆ ಯಾರು ಎಲ್ಲಿರಬೇಕು, ಎಷ್ಟು ಹೊತ್ತು ಮೌನ, ಯಾವಾಗ ಕಪ್ಪೆ ವಟಗುಟ್ಟಬೇಕು ಎಂಬುದನ್ನೆಲ್ಲ ಒಂದು ಪ್ರತಿಯಲ್ಲಿ ಬರೆದಿಟ್ಟರು. ಆ ಪ್ರತಿ ಮುಂದೆ ಅಚ್ಚಾಯಿತು, ಇವತ್ತಿಗೂ ಓದಲು ಸಿಗುತ್ತದೆ.

ಈ ಹೊಸ ಗಾಳಿ ಬೆಂಗಳೂರಿಗೆ ಬಂದದ್ದು ಇಂಗ್ಲಿಷ್ ಓದಿದ ಹವ್ಯಾಸಿಗಳ ಮೂಲಕ. 1909ರಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಶುರುವಾಯಿತು. ಲಂಡನ್ನಿನಲ್ಲಿ ಭೂವಿಜ್ಞಾನ ಓದಲು ಹೋಗಿ ನಾಟಕದ ಹುಚ್ಚು ಹಚ್ಚಿಸಿಕೊಂಡು ಬಂದ ಟಿ. ಪಿ. ಕೈಲಾಸಂ 1918ರಲ್ಲಿ ‘ಟೊಳ್ಳುಗಟ್ಟಿ’ ಕೊಟ್ಟರು. ರಂಗದ ಮೇಲೆ ದರ್ಬಾರು ಹೋಗಿ ಮಧ್ಯಮವರ್ಗದ ನಡುಮನೆ ಬಂತು. ಹಾಡು ಹಿಂದೆ ಸರಿಯಿತು, ಪೌರಾಣಿಕ ಕಿರೀಟವೂ ಹೋಯಿತು. ಆಗ ನಟರಿಗೆ ಎದುರಾದ ಕಷ್ಟ ತಮಾಷೆಯದು: ಗದೆ ಇಲ್ಲ, ಬಿಲ್ಲಿಲ್ಲ, ಕೈ ಎಲ್ಲಿಡಬೇಕು? ಯಾರು ಕೂರಬೇಕು, ಯಾರು ಬಾಗಿಲ ಬಳಿ ನಿಲ್ಲಬೇಕು, ಕಾಫಿ ಲೋಟ ಯಾವ ಮಾತಿಗೆ ಕೆಳಗಿಡಬೇಕು ಎಂದು ಹೇಳುವವರು ಬೇಕಾಯಿತು. ನಾಟಕ ಬರೆದವರೋ ಸಂಘದ ಹಿರಿಯರೋ ಸಂಜೆ ಆಫೀಸು ಮುಗಿಸಿ ಬಂದು ಆ ಕೆಲಸ ಮಾಡುತ್ತಿದ್ದರು. ಅದಕ್ಕೊಂದು ಶಾಸ್ತ್ರವಿದೆ, ಅದನ್ನು ಕಲಿಯಬೇಕು ಎಂಬ ಅರಿವನ್ನು ಕನ್ನಡದಲ್ಲಿ ಪಟ್ಟುಹಿಡಿದು ಬಿತ್ತಿದವರು ಶ್ರೀರಂಗರು. ಧಾರವಾಡದಲ್ಲಿ ಸಂಸ್ಕೃತ ಕಲಿಸುತ್ತಿದ್ದ ಈ ಪ್ರಾಧ್ಯಾಪಕರು ನಾಟಕ ಬರೆದರು, ಆಡಿಸಿದರು, ಜತೆಗೆ ನಾಟ್ಯಶಾಸ್ತ್ರವನ್ನೂ ಕನ್ನಡಕ್ಕೆ ತಂದರು.

ಹಳ್ಳಿಗಳಲ್ಲಿ ಈ ಗಾಳಿ ಸುಳಿಯಲಿಲ್ಲ, ಸುಳಿಯುವ ಅಗತ್ಯವೂ ಬೀಳಲಿಲ್ಲ. ಮಂಡ್ಯ, ತುಮಕೂರು, ಹಾಸನದ ಕಡೆ ಇಂದಿಗೂ ‘ಕುರುಕ್ಷೇತ್ರ’ ಆಡಿಸುವವರು ಹಾರ್ಮೋನಿಯಂ ಮೇಷ್ಟ್ರೇ. ಇಲ್ಲಿ ಪಾರ್ಟು ಮಾಡುವವರಿಗೆ ಸಂಬಳವಿಲ್ಲ, ಅವರೇ ದುಡ್ಡು ಹಾಕಬೇಕು. ದುರ್ಯೋಧನ, ಕೃಷ್ಣರ ಪಾಲು ದೊಡ್ಡದು. ಆಸೆಪಟ್ಟವರು ಹೆಚ್ಚಾದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಪಾರ್ಟು ಹಂಚಿಹೋಗುತ್ತದೆ. ಮೇಷ್ಟ್ರಿಗೆ ಪಾತ್ರಧಾರಿಗಳನ್ನು ಆರಿಸುವ ಸ್ವಾತಂತ್ರ್ಯ ಅಷ್ಟಕ್ಕಷ್ಟೆ. ಬಂದವರ ಗಂಟಲು ನೋಡಿ ಶ್ರುತಿ ಇಳಿಸಬೇಕು, ಏರಲಾಗದ ಸ್ವರವನ್ನು ಹಾರ್ಮೋನಿಯಂ ಒತ್ತಿ ಮುಚ್ಚಬೇಕು, ಒಬ್ಬ ಶಾಲಾ ಮಾಸ್ತರ, ಒಬ್ಬ ಹಾಲಿನ ಡೇರಿ ಕಾರ್ಯದರ್ಶಿ, ಒಬ್ಬ ಪೊಲೀಸು ಸೇರಿದ ಪಾಂಡವರನ್ನು ಒಂದೇ ಹೊತ್ತಿಗೆ ತಾಲೀಮಿಗೆ ಕೂಡಿಸಬೇಕು. ಆಟದ ರಾತ್ರಿ ಅವರು ರಂಗದ ಬದಿಯಲ್ಲಿ ಪೆಟ್ಟಿಗೆಯ ಮುಂದೆಯೇ ಇರುತ್ತಾರೆ. ಭಾಗವತರ ಹಾಗೆ ಅವರ ಕೆಲಸವೂ ಆಟದ ನಡುವೆಯೇ ನಡೆಯುವಂಥದ್ದು. ನಗರದ ರಂಗಭೂಮಿ ಇವರನ್ನು ನಿರ್ದೇಶಕರ ಸಾಲಿನಲ್ಲಿ ಕೂರಿಸಿಕೊಂಡದ್ದು ಕಡಿಮೆ. ಅದು ನಗರದ ಕುರುಡು, ಮೇಷ್ಟ್ರ ಕೊರತೆಯಲ್ಲ.

ಹೀಗೆ ಬೇರೆ ಬೇರೆಯಾಗಿ ಹರಿಯುತ್ತಿದ್ದ ಕಸುಬುಗಳು ಒಂದೇ ದೇಹದಲ್ಲಿ ಕೂಡಿದ್ದು ಬಿ. ವಿ. ಕಾರಂತರಲ್ಲಿ. ಬಂಟ್ವಾಳ ತಾಲ್ಲೂಕಿನ ಮಂಚಿಯ ಬಾಬುಕೋಡಿಯಲ್ಲಿ 1929ರಲ್ಲಿ ಹುಟ್ಟಿದ ಅವರ ಕಿವಿಗೆ ಚೆಂಡೆ ಮೊದಲೇ ಬಿದ್ದಿತ್ತು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದರು. ಅಲ್ಲಿ ಪರದೆಯ ಎರಡೂ ಬದಿ ಕಂಡರು. ಓದುವ ಆಸೆಯನ್ನು ಗುರುತಿಸಿ ಅವರನ್ನು ಬನಾರಸಿಗೆ ಕಳಿಸಿದವರು ವೀರಣ್ಣನವರೇ. ಅಲ್ಲಿ ಹಿಂದಿ ಎಂ. ಎ., ಓಂಕಾರನಾಥ ಠಾಕೂರರ ಬಳಿ ಸಂಗೀತ. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. 1962ರಲ್ಲಿ ಅಲ್ಲಿಂದ ಹೊರಬಿದ್ದು ಶಾಲಾಮಕ್ಕಳಿಗೆ ನಾಟಕ ಕಲಿಸುವ ಕೆಲಸವನ್ನೂ ಮಾಡಿದರು. ಅದೇ 1962ರಿಂದ ನಾಟಕ ಶಾಲೆಯ ಚುಕ್ಕಾಣಿ ಹಿಡಿದ ಇಬ್ರಾಹಿಂ ಅಲ್ಕಾಜಿ ನಿರ್ದೇಶನವನ್ನು ಶಿಸ್ತಿನ ವಿದ್ಯೆಯಾಗಿ ರೂಪಿಸುತ್ತಿದ್ದರು: ಪಠ್ಯದ ಓದು, ರಂಗದ ನಕ್ಷೆ, ಬೆಳಕು, ಉಡುಪು, ಹೊತ್ತಿಗೆ ಸರಿಯಾಗಿ ಹಾಜರಿ. ಕೋಟೆಯ ಅವಶೇಷಗಳ ನಡುವೆಯೂ ನಾಟಕ ಆಡಬಹುದೆಂದು ಫಿರೋಜ್ ಶಾ ಕೋಟ್ಲಾದಲ್ಲಿ ‘ಅಂಧಾಯುಗ್’ ಮಾಡಿ ತೋರಿಸಿದವರು ಅವರು.

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಕಾರಂತರು ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’, ‘ಈಡಿಪಸ್’ ಆಡಿಸಿದರು. ಕಂಬಾರರದೊಂದು, ಲಂಕೇಶರದೊಂದು, ಲಂಕೇಶರೇ ಕನ್ನಡಕ್ಕೆ ತಂದ ಗ್ರೀಕ್ ನಾಟಕ ಇನ್ನೊಂದು. ಕನ್ನಡ ರಂಗಭೂಮಿಯಲ್ಲಿ ನಿರ್ದೇಶಕ ಎಂಬ ಮನುಷ್ಯ ಪೂರ್ತಿಯಾಗಿ ಕಾಣಿಸಿಕೊಂಡದ್ದು ಅಲ್ಲಿ ಎನ್ನಬೇಕು. ಒಳಾಂಗಣದ ಪರದೆ, ವಿಂಗುಗಳ ಆಸರೆಯಿಲ್ಲದೆ ಬಯಲನ್ನು ತುಂಬಿದ ಪ್ರಯೋಗಗಳವು. ಕಂಪನಿಯ ಹಾಡು ಇತ್ತು, ‘ಒನ್ಸ್ ಮೋರ್’ ಇರಲಿಲ್ಲ. ಬಯಲಾಟದ ಕುಣಿತ ಇತ್ತು, ಇಡೀ ರಾತ್ರಿಯ ಹಿಗ್ಗುವಿಕೆ ಇರಲಿಲ್ಲ. ಗುಬ್ಬಿ ವೀರಣ್ಣನವರು ತೀರಿಕೊಂಡದ್ದೂ ಅದೇ ವರ್ಷ.

ಕಾರಂತರ ಕೆಲಸದ ರೀತಿ ಸ್ತಾನಿಸ್ಲಾವ್ಸ್ಕಿಯ ಪ್ರತಿಗೆ ಪೂರಾ ಎದುರು. ಎಲ್ಲವನ್ನೂ ಮೊದಲೇ ಬರೆದಿಟ್ಟುಕೊಂಡು ತಾಲೀಮಿಗೆ ಬರುವವರಲ್ಲ ಅವರು. ಹಾರ್ಮೋನಿಯಂ ಮುಂದೆ ಕೂತು, ನಟರ ಗಂಟಲಿನಿಂದ, ಕೈಗೆ ಸಿಕ್ಕ ವಸ್ತುಗಳಿಂದ ಸದ್ದು ಹೊರಡಿಸಿ, ಅದರ ಬೆನ್ನು ಹಿಡಿದು ದೃಶ್ಯ ಕಟ್ಟುತ್ತಿದ್ದರು. ಹಾಡು ಬಂದರೆ ಚಲನೆ ಬರುತ್ತದೆ, ಚಲನೆ ಬಂದರೆ ಅರ್ಥ ಬರುತ್ತದೆ ಎಂಬಂತಿತ್ತು ಅವರ ಕ್ರಮ. ಭಾಗವತರ, ಮೇಷ್ಟ್ರ ಜಾಣ್ಮೆ ಇಲ್ಲಿ ಹೊಸ ಕೆಲಸಕ್ಕೆ ಬಂತು. 1977ರಲ್ಲಿ ಅವರು ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ಅಲ್ಲಿ ಯಕ್ಷಗಾನದ ಹೆಜ್ಜೆಗಳಲ್ಲಿ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಹಿಂದಿಯಲ್ಲಿ ‘ಬರ್ನಂ ವನ’ವಾಯಿತು. ಭೋಪಾಲದ ಭಾರತ ಭವನದ ರಂಗಮಂಡಲವನ್ನು ಕಟ್ಟಿ, 1989ರಲ್ಲಿ ಮೈಸೂರಿನ ರಂಗಾಯಣಕ್ಕೆ ಮೊದಲ ನಿರ್ದೇಶಕರಾಗಿ ಬಂದರು.

ಎಲ್ಲರೂ ಇದನ್ನು ಒಪ್ಪಿದರೆಂದಲ್ಲ. ಹಾಡು, ಕುಣಿತದ ಅಬ್ಬರದಲ್ಲಿ ನಾಟಕಕಾರನ ಮಾತು ಮುಳುಗಿತು, ನಿರ್ದೇಶಕ ಕೃತಿಯನ್ನೇ ನುಂಗುತ್ತಾನೆ ಎಂಬ ದೂರು ಆಗಲೂ ಇತ್ತು, ಈಗಲೂ ಇದೆ. ಕಾರಂತರನ್ನು ಅನುಕರಿಸಿದ ಎಷ್ಟೋ ನಾಟಕಗಳಲ್ಲಿ ಆ ದೂರು ನಿಜವೂ ಹೌದು. ಕಂಪನಿಯ ಅನುಭವವಾಗಲಿ ಸಂಗೀತದ ತಳಹದಿಯಾಗಲಿ ಇಲ್ಲದವರು ಬರೀ ತಮಟೆ ಎತ್ತಿಕೊಂಡರೆ ಆಗುವುದೇ ಅಷ್ಟು. ಇದಕ್ಕಿಂತ ಮೊದಲೇ ಶಿವರಾಮ ಕಾರಂತರು ಯಕ್ಷಗಾನವನ್ನು ಎರಡು ಮೂರು ಗಂಟೆಗಳಿಗೆ ಇಳಿಸಿ, ಮಾತನ್ನು ಕಳೆದು, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ ಬ್ಯಾಲೆ ಮಾಡಿದಾಗಲೂ ಇಂಥದ್ದೇ ಜಗಳ ಎದ್ದಿತ್ತು. ಭಾಗವತರು ಇರುವ ಕಡೆ ಇನ್ನೊಬ್ಬ ಸೂತ್ರಧಾರ ಏಕೆ ಎಂಬುದು ಅದರ ತಿರುಳು.

ಮುಂದೆ ಬಂದವರು ಬೇರೆ ದಾರಿ ಹಿಡಿದರು. ಪ್ರಸನ್ನ 1975ರಲ್ಲಿ ‘ಸಮುದಾಯ’ ತಂಡ ಕಟ್ಟಿದವರಲ್ಲಿ ಪ್ರಮುಖರು. ಅವರಲ್ಲಿ ಸಂಗೀತಕ್ಕಿಂತ ವಿಚಾರದ ಬಿಗಿ ಹೆಚ್ಚು. ಸಿ. ಜಿ. ಕೃಷ್ಣಸ್ವಾಮಿ ‘ಬೆಲ್ಚಿ’ಯನ್ನು ಬೀದಿಗೆ ಒಯ್ದರು; ಬೀದಿಯಲ್ಲಿ ದೀಪವಿಲ್ಲ, ಪರದೆಯಿಲ್ಲ, ಸುತ್ತ ನಿಂತ ಜನರಿಗೆ ಬೆನ್ನು ತೋರಿಸದೆ ಆಡಲು ಜಾಗವಿಲ್ಲ, ಆ ಬೆನ್ನಿನ ಲೆಕ್ಕವೇ ಅಲ್ಲಿ ನಿರ್ದೇಶನ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ನಾಟಕ ಶಾಲೆ ಮುಗಿಸಿ ಬಂದು ಸ್ಪಂದನ ತಂಡಕ್ಕೆ ‘ಲಕ್ಷಾಪತಿ ರಾಜನ ಕಥೆ’ ಕಟ್ಟಿದರು.

ಇಂದು ನಿರ್ದೇಶಕರ ಹೊಣೆ ಎಂದರೆ ಏನೆಂದು ನೋಡಲು ಹೆಗ್ಗೋಡಿನ ನೀನಾಸಂ ಒಳ್ಳೆಯ ಜಾಗ. 1949ರಲ್ಲಿ ಊರಿನವರ ಸಂಘವಾಗಿ ಹುಟ್ಟಿದ ಅದು ಕೆ. ವಿ. ಸುಬ್ಬಣ್ಣನವರ ಕೈಯಲ್ಲಿ ಬೆಳೆದು, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು, 1985ರಲ್ಲಿ ತಿರುಗಾಟವನ್ನು ಶುರುಮಾಡಿತು. ತಿರುಗಾಟ ಎಂದರೆ ಹೊಸ ನಾಟಕಗಳನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ಊರೂರು ಸುತ್ತುವ ತಂಡ. ಇಂಥ ತಂಡಕ್ಕೆ ನಾಟಕ ಮಾಡುವವರು ಕವಿತೆಯ ಜತೆಗೆ ವಾಹನದ ಅಳತೆಯನ್ನೂ ತಲೆಯಲ್ಲಿಟ್ಟುಕೊಂಡಿರಬೇಕು. ಇದ್ದ ನಟರಲ್ಲೇ ಎಲ್ಲ ನಾಟಕಗಳ ಪಾತ್ರ ಹೊಂದಿಸಬೇಕು, ಇಂದು ರಾಜನಾದವನು ನಾಳೆ ಆಳು. ಮೊದಲ ವಾರಗಳು ಓದಿಗೆ: ಒಂದೊಂದು ಮಾತು ಯಾರು ಯಾರಿಗೆ ಏಕೆ ಹೇಳುತ್ತಾರೆ, ಯಾವ ಸಾಲು ಬಿಡಬಹುದು. ಆಮೇಲೆ ನೆಲದ ಮೇಲೆ ರಂಗದ ಅಳತೆ ಗುರುತು ಹಾಕಿಕೊಂಡು ಚಲನೆ. ಪುಸ್ತಕ ಕೈಬಿಟ್ಟ ದಿನ ಕಲಿತದ್ದೆಲ್ಲ ಮರೆತಂತಾಗುವುದು ಎಲ್ಲ ತಂಡಗಳಿಗೂ ಗೊತ್ತಿರುವ ಸಂಕಟ. ಆ ದಿನ ಸಿಟ್ಟಾಗದೆ ಇರುವುದೂ ನಿರ್ದೇಶಕರ ವಿದ್ಯೆಗಳಲ್ಲಿ ಒಂದು. ಬಳಿಕ ಉಡುಪು, ಪರಿಕರ, ಬೆಳಕು, ಸಂಗೀತ ಒಂದೊಂದಾಗಿ ಬಂದು ಕೂಡಿ, ಗ್ರ್ಯಾಂಡ್ ರಿಹರ್ಸಲ್ ಹೊತ್ತಿಗೆ ಎಲ್ಲವೂ ಸಾಲಾಗಿ ನಿಲ್ಲಬೇಕು.

ಅಲ್ಲಿಗೆ ಅವರ ಕೆಲಸ ಮುಗಿಯಿತು. ಮೊದಲ ಗಂಟೆ ಬಾರಿಸಿದ ಮೇಲೆ ನಿರ್ದೇಶಕರು ಪ್ರೇಕ್ಷಕರ ಕೊನೆಯ ಸಾಲಿನಲ್ಲಿ ನಿಂತ ಇನ್ನೊಬ್ಬ ಪ್ರೇಕ್ಷಕ ಮಾತ್ರ. ತಾಳ ಹಿಡಿದು ಕೂತ ಭಾಗವತರಿಗೂ ಇವರಿಗೂ ಇರುವ ದೊಡ್ಡ ಅಂತರ ಇದೇ. ಭಾಗವತರು ತಪ್ಪನ್ನು ಕಂಡಲ್ಲೇ ತಿದ್ದಬಲ್ಲರು. ಇವರು ಇಲ್ಲದಾಗ ಯಾದಗಿರಿಯಲ್ಲೋ ಕುಂದಾಪುರದಲ್ಲೋ ಆಗಬಹುದಾದ ತಪ್ಪುಗಳನ್ನೆಲ್ಲ ತಿಂಗಳ ಮುಂಚೆ ಊಹಿಸಿ, ನಟರ ಮೈಗೆ ಇಳಿಸಿ ಹೋಗಬೇಕು.

ದೊಡ್ಡ ಅಳತೆಯಲ್ಲಿ ಇದರ ಪರೀಕ್ಷೆ ನಡೆದದ್ದು 2010ರಲ್ಲಿ, ಮೈಸೂರಿನ ರಂಗಾಯಣದಲ್ಲಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಕೆ. ವೈ. ನಾರಾಯಣಸ್ವಾಮಿ ರಂಗರೂಪಕ್ಕೆ ತಂದರು, ಸಿ. ಬಸವಲಿಂಗಯ್ಯ ನಿರ್ದೇಶಿಸಿದರು, ಹಂಸಲೇಖ ಸಂಗೀತ ಕೊಟ್ಟರು. ಸುಮಾರು ಒಂಬತ್ತು ಗಂಟೆಗಳ ನಾಟಕ. ರಾತ್ರಿ ಶುರುವಾಗಿ ಬೆಳಗಿನ ಜಾವದ ತನಕ, ಒಂದು ಬಯಲು ರಂಗದಿಂದ ಇನ್ನೊಂದಕ್ಕೆ ಪ್ರೇಕ್ಷಕರೇ ಎದ್ದು ನಡೆಯುತ್ತಾ ಹೋಗಬೇಕು. ನಟರ ಚಲನೆಯ ಜತೆಗೆ ನೋಡುವವರ ಚಲನೆಯನ್ನೂ ನಿರ್ದೇಶಿಸಬೇಕಾದ ಕೆಲಸ ಅದು: ನಿದ್ದೆ, ಚಳಿ, ಚಹಾ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇಡೀ ರಾತ್ರಿಯ ಆಟವನ್ನು ಭಾಗವತರ ಕಾಲದಲ್ಲೇ ಬಿಟ್ಟು ಬಂದೆವು ಎಂದುಕೊಂಡವರು ಕಂಬಳಿ ಹೊದ್ದು ಬಂದು ಕೂತರು. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲೂ ಅದು ಜನ ಸೇರಿಸಿತು.

ಇಷ್ಟು ಕೆಲಸದಲ್ಲಿ ಕಾಗದದ ಮೇಲೆ ಉಳಿಯುವುದು ತೀರ ಕಡಿಮೆ. ನಾಟಕದ ಪಠ್ಯ ಅಚ್ಚಾಗುತ್ತದೆ, ಹಾಡುಗಳು ಬಾಯಿಂದ ಬಾಯಿಗೆ ಉಳಿಯುತ್ತವೆ, ನಟರ ಫೋಟೋ ಗೋಡೆಯ ಮೇಲಿರುತ್ತದೆ. ವೀರಣ್ಣನವರ ‘ಕಲೆಯೇ ಕಾಯಕ’, ವೈದೇಹಿಯವರು ಬರೆದುಕೊಂಡ ಬಿ. ವಿ. ಕಾರಂತರ ಆತ್ಮಕಥೆ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯಂಥ ಪುಸ್ತಕಗಳಿಂದ ಮನುಷ್ಯರು ತಿಳಿಯುತ್ತಾರೆ. ಆದರೆ ಇಂಥ ಸೀನಿನಲ್ಲಿ ದೀಪ ಎಲ್ಲಿತ್ತು, ನಟ ಎಷ್ಟು ಹೆಜ್ಜೆ ಇಟ್ಟ, ಯಾವ ಮಾತು ಕತ್ತರಿಸಿದರು ಎಂಬುದು ತಿಳಿಯಬೇಕಾದರೆ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿದ ನಾಟಕದ ಪ್ರತಿ, ಪ್ರಾಂಪ್ಟರ್‌ನ ಪುಸ್ತಕ, ಮೇಷ್ಟ್ರು ಸ್ವರ ಬರೆದಿಟ್ಟ ನೋಟ್‌ಬುಕ್ ಬೇಕು. ಅಂಥವು ಎಷ್ಟೋ ಮನೆಗಳ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ ಇರಬಹುದು. ಅಪ್ಪನೋ ಅಜ್ಜಿಯೋ ಕಂಪನಿಯಲ್ಲಿ, ಹವ್ಯಾಸಿ ತಂಡದಲ್ಲಿ, ಊರ ಕುರುಕ್ಷೇತ್ರದಲ್ಲಿ ದುಡಿದಿದ್ದರೆ ಆ ಪುಸ್ತಕಗಳನ್ನು ರದ್ದಿಗೆ ಹಾಕುವ ಮುಂಚೆ ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ರಂಗಶಾಲೆಗೋ ಒಂದು ಫೋನ್ ಮಾಡಿ. ಅದೂ ಆಗದಿದ್ದರೆ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು, ಯಾರದು, ಯಾವ ನಾಟಕದ್ದು, ಯಾವ ಊರಿನದು ಎಂದು ಬರೆದು ಇಡಿ.